ನಾಲಿಗೆಯ ತುದಿಯ ಉಪ್ಪು

ಮಲೇಶಿಯಾದ ತೆರೆಂಗಾನುವಿನಲ್ಲಿ ಮಳೆಗಾಲಕ್ಕೆ ಮೀನುಗಾರರಿಗೆ ಕಡಲು ಮುಚ್ಚಿ ನಲವತ್ತು ದಿನವಾಗಿತ್ತು. ಪಕ್ಕದ ಮನೆಯ ಜೂಸೋ ಕೂತಲ್ಲಿ ಕೂರಲಾರದೆ ದಿನಾ ಗಾಳದ ರೀಲನ್ನು ಬಿಚ್ಚಿ, ಸಿಹಿನೀರಲ್ಲಿ ತೊಳೆದು, ಎಣ್ಣೆ ಹಾಕುವ ಮುಂಚೆ ನೆಕ್ಕಿ ನೋಡುತ್ತಿದ್ದ. ಉಪ್ಪು ಉಳಿದರೆ ತುಕ್ಕು ಹಿಡಿಯುತ್ತದೆಂದು ಅವನಪ್ಪ ಕಲಿಸಿದ ಪರೀಕ್ಷೆ ಅದು. ನೋಡಿ ನೋಡಿ ನನಗೇ ತಲೆ ಕೆಟ್ಟಿತ್ತು.

"ಇನ್ನೂ ಉಪ್ಪುಪ್ಪು," ಎನ್ನುತ್ತ ಆ ದಿನವೂ ರೀಲನ್ನು ಮತ್ತೆ ಬಕೆಟ್ಟಿಗೆ ಅದ್ದಿದ.

ಅವನ ಹೆಂಡತಿ ಮೆಲೋರ್ ಒಲೆ ಬಿಟ್ಟು ಧಾವಿಸಿ ಬಂದಳು. ರೀಲನ್ನು ಕಿತ್ತುಕೊಂಡು ತಾನೇ ತೊಳೆದು, ಬಟ್ಟೆಯಲ್ಲಿ ಹಿಡಿದು ನೆಕ್ಕಿದಳು. ಸಪ್ಪೆ. ಆಮೇಲೆ ಗಂಡನ ಹೆಬ್ಬೆರಳನ್ನೂ ನೆಕ್ಕಿ ನೋಡಿದಳು.

"ಉಪ್ಪಿರೋದು ಇಲ್ಲಿ! ಇಷ್ಟು ದಿನ ನಿಮ್ಮ ಬೆವರನ್ನೇ ತೊಳೆದ್ರಲ್ಲ, ಮಾರಾಯ್ರೆ!"

ಜೂಸೋ ಬೆಚ್ಚಿಬಿದ್ದ.

"ಹಾಗಾದ್ರೆ ರೀಲು ಚೊಕ್ಕಟವಾಗೇ ಇದೆಯಾ? ನಾಳೆಯಿಂದ ನಾನೇನು ಮಾಡ್ಲಿ?"