ಅಮ್ಮನಿಗೆ ಕಿವಿ ಕೇಳುತ್ತಿತ್ತು

ನನ್ನ ಅಮ್ಮನಿಗೆ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಕೇಳುವುದಿಲ್ಲ ಎಂದು ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡಿನ ಕನ್ನಡಿಗರಿಗೆಲ್ಲ ಸಾರಿದವನು ನಾನು.

ನಮ್ಮ ಮನೆಮಾತು ತಮಿಳು. ಬೆಂಗಳೂರಿನಲ್ಲಿ ಅದನ್ನು ಮುಚ್ಚಿಟ್ಟುಕೊಂಡೇ ಬೆಳೆದೆ. ಹ್ಯೂಸ್ಟನ್ನಿಗೆ ಬಂದು ಕನ್ನಡ ಸಂಘದ ನಾಟಕಕಾರನಾದೆ, ರಾಜ್ಯೋತ್ಸವದ ಭಾಷಣಕಾರನಾದೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ನನ್ನ ಜೊತೆ ಇರಲು ಬಂದಳು. ಅವಳ ಕನ್ನಡದಲ್ಲಿ ತಮಿಳಿನ ರಾಗ ಎದ್ದು ಕೇಳುತ್ತಿತ್ತು. ಎಲ್ಲರೂ ಅಡುಗೆ ಮಾಡಿ ತರುವ ಸಂಘದ ಪಾಟ್‌ಲಕ್ ಊಟ, ಮೊದಲನೆಯದರಲ್ಲೇ ಯಾರೋ, "ಆಂಟಿ, ನಿಮ್ದು ಯಾವೂರು?" ಎಂದು ಕೇಳಿದರು. ಅವಳು ಬಾಯಿ ತೆರೆಯುವಷ್ಟರಲ್ಲಿ ನಾನು ಹೇಳಿಬಿಟ್ಟೆ— "ಅಮ್ಮಂಗೆ ಕಿವಿ ಕೇಳಲ್ಲ."

ಅವಳು ನನ್ನನ್ನೊಮ್ಮೆ ನೋಡಿದಳು. ಅಲ್ಲಿಂದಾಚೆಗೆ ಜನರೆದುರು ಮಾತೇ ಆಡಲಿಲ್ಲ— ಮಗನ ಮರ್ಯಾದೆ ಉಳಿಸಲು. ನಾಚಿಕೆ ನನ್ನದು, ಹೊತ್ತವಳು ಅವಳು.

ಆಫೀಸಿನ ಥಾಯ್ ಗೆಳತಿಯೊಬ್ಬಳಿಂದ ಅವಳ ದೇಶದ ಹಳೆಯ ಮುತ್ಸದ್ದಿಯೊಬ್ಬನ ವಿಷಯ ತಿಳಿಯಿತು. ಮಂತ್ರಿಯೂ ಹೌದು, ಲೇಖಕನೂ ಹೌದು. ನಾಟಕ, ಹಾಡು ಬರೆದು ಬರೆದೇ ಜನರಿಗೆ 'ನಾವು ಥಾಯ್' ಎಂಬ ಹೆಮ್ಮೆ ಕಲಿಸಿದವನು. ನಾನು ಮರುಳಾದೆ. ಅವಳು ಇನ್ನೊಂದು ಮಾತೂ ಹೇಳಿದ್ದಳು— ಆತನ ಹಿರಿಯರು ಚೀನಾದವರಂತೆ, ಆತ ಅದನ್ನು ಒಪ್ಪುತ್ತಲೇ ಇರಲಿಲ್ಲವಂತೆ. ಆ ವರ್ಷದ ರಾಜ್ಯೋತ್ಸವದಲ್ಲಿ ಆತನ ಬಗ್ಗೆಯೇ ಮಾತಾಡಿದೆ. ಈ ಒಂದು ಮಾತನ್ನು ಮಾತ್ರ ನುಂಗಿಕೊಂಡೆ. ಚಪ್ಪಾಳೆಯೋ ಚಪ್ಪಾಳೆ! ಮುಂದಿನ ಸಾಲಿನಲ್ಲಿ ಅಮ್ಮ ಕೈಕಟ್ಟಿ ಕುಳಿತಿದ್ದಳು.

ವಾಪಸು ಬರುವಾಗ ಕಾರಿನಲ್ಲಿ, ಯಾಕೋ ಏನೋ, ನುಂಗಿದ್ದನ್ನು ಅವಳಿಗೆ ಹೇಳಿದೆ. ಅವಳು ಕೇಳಿದಳು— "ಅವನುಕ್ಕು ಅಮ್ಮಾ ಇರುಂದಾಳಾ?"

ಅವನಿಗೆ ಅಮ್ಮ ಇದ್ದಳಾ? ನಾನು ರಸ್ತೆ ನೋಡುತ್ತ ಡ್ರೈವ್ ಮಾಡಿದೆ.

ಮತ್ತೊಂದು ದಿನ, ಪೇರ್‌ಲ್ಯಾಂಡಿನ ದೇವಸ್ಥಾನದಲ್ಲಿ, ಹೆಂಗಸೊಬ್ಬರು ಅವಳ ಪಕ್ಕ ಕುಳಿತು, "ಎಂದ ಊರು ಮಾಮಿ ನೀಂಗ?" ಎಂದು ತಮಿಳಿನಲ್ಲೇ ಊರು ಕೇಳಿದರು. ಅಮ್ಮನ ಮುಖ ಅರಳಿತು— ಎಷ್ಟು ವರ್ಷಗಳ ಮೇಲೆ! ಆದರೂ ಮೊದಲು ನನ್ನತ್ತ ತಿರುಗಿದಳು. ನಮ್ಮ ಸಂಘದವರು ಒಬ್ಬರೂ ಅಲ್ಲಿರಲಿಲ್ಲ. ನಾನು ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು, ಅಷ್ಟೇ ಅಷ್ಟು— ಆಡಿಸಲಿಲ್ಲ. ಅಮ್ಮ ತನ್ನ ಕಿವಿ ಮುಟ್ಟಿ ತೋರಿಸಿ, ಇಲ್ಲವೆಂದು ಕೈಯಾಡಿಸಿದಳು.

ಹೋದ ವರ್ಷ ತೀರಿಕೊಂಡಳು. ಮಾತಾಡಿಸಲು ಮನೆಗೆ ಬಂದ ಸಂಘದ ಹಿರಿಯರೊಬ್ಬರು ಅವಳ ಫೋಟೋಗೆ ಕೈಮುಗಿದು, "ಪಾಪ, ನಿಮ್ಮ ಒಂದು ಭಾಷಣಾನೂ ಅವ್ರಿಗೆ ಕೇಳಿಸ್ಲೇ ಇಲ್ವಲ್ಲಪ್ಪಾ" ಎಂದರು.

ಹೌದು ಎಂದೆ. ಆಗಲೂ— ಹೌದು ಎಂದೆ.