ಕಡವೆಗೆ ಎರಡನೇ ಈಡು

ರಮ್ಜಾನ್ ತಿಂಗಳಲ್ಲಿ ಇಲ್ಲಿ ದುಬೈಯಲ್ಲಿ ಸಂಜೆ ತೋಪು ಹಾರಿಸುತ್ತಾರೆ. ಉಪವಾಸ ಬಿಡುವ ಹೊತ್ತಾಯಿತೆಂದು ಎಲ್ಲರಿಗೂ ಕೇಳುವಂತೆ ಒಂದು ಈಡು. ಮೊನ್ನೆ ಮಗಳು, "ಅಪ್ಪ, ಮನೇಲಿ ಕೂತು ಕೂತು ನನ್ನ ತಲೆ ತಿಂತೀರಿ, ಬನ್ನಿ" ಎಂದು ಕಾರಿನಲ್ಲಿ ಕೂರಿಸಿಕೊಂಡು ಹೋಗಿ ತೋರಿಸಿದಳು. ಸಮವಸ್ತ್ರದವರು ತೋಪಿನ ಹಿಂದೆ ಸೆಟೆದು ನಿಂತರು, ಒಬ್ಬ ಕೂಗಿದ, ಢಂ! ಎದೆಯೊಳಗಿಂದ ಯಾರೋ ಗುದ್ದಿದ ಹಾಗಾಯಿತು. ಬಿಳಿ ಹೊಗೆ ನಮ್ಮ ಕಡೆಗೇ ತಿರುಗಿತು. ನೆರೆದವರೆಲ್ಲ ಖರ್ಜೂರ, ನೀರಿನ ಬಾಟಲಿ ಎಂದು ಅತ್ತ ಹೋದರು. ನಾನೊಬ್ಬ ತೋಪಿನ ಬಾಯಿಯನ್ನೇ ನೋಡುತ್ತ ಕೈಗಡಿಯಾರ ಹಿಡಿದು ನಿಂತಿದ್ದೆ.

"ಎಂತ ನೋಡ್ತಿದ್ದೀರಿ ಅಪ್ಪ?"

"ಎರಡನೇದು ತುಂಬಿಸ್ಲಿಕ್ಕೆ ಇವರಿಗೆ ಎಷ್ಟು ಹೊತ್ತು ಬೇಕು ಅಂತ."

"ಎರಡನೇದು ಇಲ್ಲ. ಒಂದೇ. ಖಲಾಸ್."

ಒಂದೇ ಎಂದರೆ ನನಗೆ ಸಮಾಧಾನವಾಗುವುದಿಲ್ಲ. ಆ ಹೊಗೆಯ ಗಂಧಕದ ವಾಸನೆ ಮೂಗಿಗೆ ಹೊಕ್ಕರೆ ಎಪ್ಪತ್ತರ ಈ ಮುದುಕ ಇಪ್ಪತ್ತರವನಾಗಿ, ಕೈ ತಾನಾಗಿ ಸೊಂಟದ ಚೀಲ ಹುಡುಕುತ್ತದೆ.

ಮೊದಲೇ ಹೇಳಿಬಿಡುತ್ತೇನೆ, ನೀವು ಈಗ ಸಾಮಾನ್ಯದವನ ಪಕ್ಕ ಕೂತಿಲ್ಲ. ಮೂವತ್ತು ವರ್ಷ ಈ ದೇಶದಲ್ಲಿ ದುಡಿದಿದ್ದೇನೆ. ಕೊನೆಯ ಹನ್ನೆರಡು ವರ್ಷ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿ ಅಲ್ಯೂಮಿನಿಯಂ ಕಿಟಕಿ ಮಾಡುವ ಒಂದು ಕಾರ್ಖಾನೆಯಲ್ಲಿ ಫೋರ್‌ಮನ್. ಗಾಜೇ ಹಾಕದ ಕಿಟಕಿಯ ಮುಂದೆ ಬಟ್ಟೆ ಹಿಡಿದು ಗಾಳಿಯನ್ನು ಒರೆಸುತ್ತ ನಿಂತು, ತಪಾಸಣೆಗೆ ಬಂದ ಇಂಜಿನಿಯರನಿಂದ "ಬಹಳ ಸ್ವಚ್ಛ" ಎಂದು ಸಹಿ ಹಾಕಿಸಿಕೊಂಡವ ನಾನು. ಇಂಥ ಮನುಷ್ಯ ನಿವೃತ್ತನಾಗಿ ಮಿರ್ದಿಫ್‌ನಲ್ಲಿ ಮಗಳ ಮನೆಯ ಸೋಫಾದ ಮೇಲೆ ಕೂತರೆ ಏನಾಗುತ್ತದೆ ಹೇಳಿ? ಮಾತಾಗುತ್ತದೆ. ಶುಕ್ರವಾರ ಮಧ್ಯಾಹ್ನ ಊರಿನ ಹತ್ತು ಹನ್ನೆರಡು ಮಂದಿ ನಮ್ಮಲ್ಲಿ ಊಟಕ್ಕೆ ಸೇರುವುದು ವಾಡಿಕೆ. ಮಂಗಳೂರು ಕಡೆಯ ವಿಕ್ಟರ್, ಹೋಟೆಲಿನಲ್ಲಿ ಅಡುಗೆಯವನು, ಕೈ ತೊಳೆದು ಬಂದವನೇ ಕೇಳುತ್ತಿದ್ದ: "ಅಂಕಲ್, ಆ ಟಿಕ್ ಭಾವನ ಕಥೆ ಒಂದು ಆಗ್ಲಿ ಮಾರಾಯ್ರೆ."

ನಾನು ಕೋವಿಯ ಬದಲು ಪೊರಕೆ ತೆಗೆದುಕೊಂಡು ಶುರು ಮಾಡುತ್ತಿದ್ದೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಮದುವೆಯಾಗಿ ವರ್ಷವಾಗಿತ್ತಷ್ಟೇ. ಅವರ ಅಪ್ಪನದೊಂದು ಕೇಪಿನ ಕೋವಿ ಇತ್ತು. ಈಗಿನ ಬಂದೂಕಿನ ಹಾಗೆ ತೋಟೆ ಸಿಕ್ಕಿಸಿ ಢಂ ಢಂ ಎನ್ನಿಸುವಂಥದ್ದಲ್ಲ. ನಳಿಗೆಯ ಬಾಯಿಂದಲೇ ಎಲ್ಲವನ್ನೂ ಉಣ್ಣಿಸಬೇಕು. ಮೊದಲು ಮದ್ದು, ಅದರ ಮೇಲೆ ತೆಂಗಿನ ನಾರಿನ ಉಂಡೆ, ಗಜ ಎಂಬ ಉದ್ದದ ಕೋಲಿನಿಂದ ನಾಲ್ಕು ಗುದ್ದು, ಆಮೇಲೆ ಸೀಸದ ಗುಂಡು, ಮತ್ತೆ ನಾರು, ಮತ್ತೆ ಗುದ್ದು, ಕೊನೆಗೆ ಹಿಂದೆ, ಮದ್ದಿಗೆ ಕಿಡಿ ಹೊತ್ತಿಸುವ ಕೇಪು. ಒಂದು ಈಡಿಗೆ ಇಷ್ಟು ಸೇವೆ. ಮೊದಲ ಈಡನ್ನು ಮನೆಯಲ್ಲೇ ನಿಧಾನವಾಗಿ ತುಂಬಿಸಿಕೊಂಡು ಹೋಗಬಹುದು. ಮನುಷ್ಯನ ಯೋಗ್ಯತೆ ತಿಳಿಯುವುದು ಎರಡನೆಯದರಲ್ಲಿ. ಪ್ರಾಣಿಗೆ ತಾಗಿದೆ, ಬಿದ್ದಿಲ್ಲ, ನಿಮ್ಮ ಕೈಯಲ್ಲಿರುವುದು ಖಾಲಿ ಕೊಳವೆ.

ಒಂದು ದಿನ ನಾವಿಬ್ಬರೂ ಗುಡ್ಡಕ್ಕೆ ಹೋದಾಗ ಭಾವ ಕಡವೆಗೆ ಹೊಡೆದರು. ಆಗಿನ ಕಾಲ ಅದು. ಈಗ ಹಾಗೆ ಹೊರಟರೆ ಜೈಲು, ಮತ್ತು ಅದೇ ಸರಿ. ಕಡವೆ ಹಿಂಗಾಲು ಕುಸಿದು ಕೂತಿತು, ಮತ್ತೆ ಎದ್ದಿತು. ಭಾವನ ಕೈ ಗಡಗಡ. ಆತುರದಲ್ಲಿ ಗುಂಡು ಮೊದಲು ಹಾಕಿ ಮದ್ದು ಅದರ ಮೇಲೆ ಸುರಿದು, ಗುದ್ದಿ, ಗುರಿ ಹಿಡಿದು, ಕುದುರೆ ಎಳೆದರೆ ಕೇಪು ಮಾತ್ರ "ಟಿಕ್" ಎಂದಿತು. ಕಡವೆ ತಿರುಗಿ, "ಮುಗಿಯಿತಾ?" ಎಂದು ಕೇಳಿದ ಹಾಗೆ ನೋಡಿ, ನಡೆದುಹೋಯಿತು. ಇಲ್ಲಿ ನಾನು ಕಡವೆಯ ಮುಖ ಮಾಡುತ್ತಿದ್ದೆ. ವಿಕ್ಟರ್ ನಕ್ಕು ನಕ್ಕು ಸೋಫಾದಿಂದ ಕೆಳಗೆ ಜಾರಿದ್ದೂ ಉಂಟು.

ಈ ಕಥೆಯನ್ನು ನಾನು ಮೊದಲು ಹೇಳಿದ್ದು ಅದೇ ದಿನ, ಮನೆಯ ಅಂಗಳದಲ್ಲಿ, ಭಾವನ ಎದುರಿಗೇ. ಊರು ಅಂದಿನಿಂದ ಅವರನ್ನು ಟಿಕ್ ಭಾವ ಎಂದಿತು. ಅವರು ಕೋವಿಯನ್ನು ಮತ್ತೆ ಮುಟ್ಟಲಿಲ್ಲ.

ಆದರೆ ಯಾರಿಗೂ ಹೇಳದ ಒಂದು ಸಂಗತಿ ನನ್ನ ಹೊಟ್ಟೆಯಲ್ಲಿತ್ತು. ಅಂದು ಬೆಳಿಗ್ಗೆ, ಮೊದಲ ಈಡು ತುಂಬಿಸಿಯಾದ ಮೇಲೆ, ಹೊಸ ಭಾವನಿಗೆ ಒಂದು ತಮಾಷೆ ಇರಲಿ ಎಂದು, ಮದ್ದು ತುಂಬಿಡುವ ಕೊಂಬಿಗೆ ಅರ್ಧದಷ್ಟು ಇದ್ದಿಲ ಪುಡಿ ಬೆರೆಸಿದ್ದೆ. ಅಂದರೆ ಭಾವ ಸರಿಯಾಗಿಯೇ ತುಂಬಿಸಿದ್ದರು, ಈಡು ಸಿಡಿಯದಂತೆ ಮಾಡಿದ್ದು ನನ್ನ ಕುಚೋದ್ಯ. ಗುಂಡು ಮೊದಲು ಹಾಕಿದ್ದು ಎಂಬುದು ನಾನು ಕಟ್ಟಿದ ಮಾತು. ನಾನು ನಂಬಿಕೊಂಡಿದ್ದು ಹೀಗೆ, ಸುಮಾರು ಐವತ್ತು ವರ್ಷ.

ದುಬೈಗೆ ಮೆಟ್ರೋ ಬಂದು ಐದಾರು ವರ್ಷವಾಗಿರಬೇಕು, ಭಾವ ಅಬುಧಾಬಿ ಬಳಿಯ ಬನಿಯಾಸಿನಲ್ಲಿರುವ ಮಗನ ಮನೆಗೆ ಒಂದು ತಿಂಗಳಿಗೆಂದು ಬಂದರು. ಅಕ್ಕ ತೀರಿಕೊಂಡು ಎರಡು ವರ್ಷ. ಅವರಿಗೆ ಎಪ್ಪತ್ತೈದು ದಾಟಿತ್ತು. ತಿಂಗಳು ಮುಗಿದು ಶನಿವಾರ ಊರಿಗೆ ಮರಳುವವರಿದ್ದರು. ಇವರು ಟಿಕ್ ಭಾವನಾಗಿಯೇ ವಿಮಾನ ಹತ್ತಿದರೆ, ಈ ಹೆಸರನ್ನು ಅವರ ಮೇಲಿಂದ ತೆಗೆಯುವವರು ಮತ್ತೆ ಯಾರು? ಗುರುವಾರ ಬಸ್ಸು ಹಿಡಿದು ಅಬುಧಾಬಿ ದಾರಿಯಲ್ಲಿ ಹೊರಟೇಬಿಟ್ಟೆ.

ಭಾವ ಬನಿಯನ್ ತೊಟ್ಟು ಬಟಾಣಿ ಸುಲಿಯುತ್ತ ಕೂತಿದ್ದರು. ನಾನು ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟೆ. ಇದ್ದಿಲ ಪುಡಿ, ಕೊಂಬು, ಎಲ್ಲ.

ಅವರು ಬಟಾಣಿಯಿಂದ ತಲೆ ಎತ್ತಲಿಲ್ಲ. "ಅದು ನಂಗೆ ಅವತ್ತೇ ಗೊತ್ತುಂಟು. ಕೊಂಬು ಅಲ್ಲಾಡಿಸಿದ್ರೆ ತೂಕ ಗೊತ್ತಾಗುದಿಲ್ವಾ? ನೀನು ತಿಂಡಿ ತಿನ್ಲಿಕ್ಕೆ ಹೋದಾಗ ಅದನ್ನು ಚೆಲ್ಲಿ ಒಳ್ಳೆ ಮದ್ದು ತುಂಬಿಸಿದ್ದೆ."

"ಮತ್ತೆ ಎರಡನೇದು ಯಾಕೆ ಹೊಟ್ಲಿಲ್ಲ?"

"ಗುಂಡು ಮೊದ್ಲು ಬಿತ್ತಲ್ಲ ಮಾರಾಯ. ನೀನೇ ಹೇಳ್ತಿ ಊರೆಲ್ಲ."

"ಅದು ನಾನು ಸುಮ್ನೆ ಕಟ್ಟಿ ಹೇಳಿದ್ದು ಭಾವ!"

"ಕಟ್ಟಿದ್ದಲ್ಲ. ಸತ್ಯವೇ. ಆದ್ರೆ ತುಂಬಿಸಿದ್ದು ನಾನಲ್ಲ, ನೀನು."

ನನ್ನ ಕಣ್ಣ ಮುಂದೆ ಭಾವನ ಕೈ ನಡುಗುತ್ತಿದೆ, ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೇನೆ. ಅವರ ಕಣ್ಣ ಮುಂದೆ ಕೋವಿ ನನ್ನ ಕೈಯಲ್ಲಿದೆ, ಅವರು ಕಡವೆಯ ಮೇಲಿಂದ ಕಣ್ಣು ತೆಗೆದಿಲ್ಲ. ಒಂದೇ ಗುಡ್ಡ, ಒಂದೇ ಕಡವೆ, ಇಬ್ಬರು ಮುದುಕರು. "ನೀವು", "ನೀನು" ಎಂದು ಕಾಲು ಗಂಟೆ ಕೂಗಾಡಿದೆವು. ಅಡುಗೆಮನೆಯಿಂದ ಸೊಸೆ ಇಣುಕಿ, "ಮಾವ, ಬಿಪಿ ಮಾತ್ರೆ ತಗೊಂಡ್ರಾ?" ಎಂದಳು.

ಕೊನೆಗೆ ಭಾವ ಎದ್ದು ಕಿಟಕಿಯ ಪರದೆಯ ಕೊಳವೆ ಕಳಚಿದರು. ಒಂದು ತುದಿಯನ್ನು ಟೇಪು ಸುತ್ತಿ ಮುಚ್ಚಿದರು. ಮದ್ದಿಗೆ ಚಹಾ ಹುಡಿಯ ಡಬ್ಬಿ, ಗುಂಡಿಗೆ ಒಂದು ಹಿಡಿ ಕಡಲೆ, ನಾರಿಗೆ ಟಿಶ್ಯೂ ಪೇಪರು, ಗಜಕ್ಕೆ ಸೊಸೆಯ ಹಳೆಯ ಪೊರಕೆಯ ಸಪೂರ ಕೋಲು.

"ತುಂಬಿಸು ನೋಡುವಾ."

ಅಲ್ಯೂಮಿನಿಯಂ ಕೊಳವೆ ಕೊಟ್ಟು ನನ್ನನ್ನು ಪರೀಕ್ಷೆ ಮಾಡುವುದೇ! ಚಹಾ, ಪೇಪರು, ಗುದ್ದು, ಕಡಲೆ, ಪೇಪರು, ಗುದ್ದು. ಭಾವ ಟೇಪು ಬಿಚ್ಚಿದರು. ಚಹಾ ಹುಡಿ ಉದುರಿತು, ಆಮೇಲೆ ಕಡಲೆ. ಸರಿಯಾದ ಕ್ರಮ. ನಾನು ಮೀಸೆ ತಿರುವಿದೆ.

"ಕಂಡಿತಾ? ಈ ಕೈ ತಪ್ಪುವ ಕೈ ಅಲ್ಲ."

"ಇನ್ನೊಂದು ಸಲ" ಎಂದು ಮತ್ತೆ ಟೇಪು ಸುತ್ತಿ ಕೊಟ್ಟರು. ನಾನು ಕಡಲೆ ಆರಿಸಿಕೊಂಡು ನಿಧಾನ ಚಹಾ ಡಬ್ಬಿಗೆ ಕೈ ಚಾಚಿದೆ. ಅಷ್ಟರಲ್ಲಿ ಭಾವ ಸೋಫಾದ ಮೇಲೆ ಅಂಗೈಯಿಂದ ಫಟೀರನೆ ಹೊಡೆದು, ಐವತ್ತು ವರ್ಷ ಕೇಳಿರದ ಒಂದು ಸ್ವರದಲ್ಲಿ, "ಎದ್ದಿತು! ಎದ್ದಿತು! ಬೇಗ, ಬೇಗ ತುಂಬಿಸು!" ಎಂದು ಕಿರುಚಿದರು. ನಾನು ಏನು ಮಾಡಿದೆನೋ ನನಗೆ ತಿಳಿಯದು. ಗುದ್ದಿದೆ, ಕೊಳವೆ ಎತ್ತಿ ಫ್ರಿಜ್ಜಿಗೆ ಗುರಿ ಹಿಡಿದೆ. ಭಾವ ನನ್ನ ಕೈಯಿಂದ ಕೊಳವೆ ತೆಗೆದುಕೊಂಡು ಟೇಪು ಬಿಚ್ಚಿದರು.

ಟಪ್ ಎಂದು ಕಡಲೆ ನೆಲಕ್ಕೆ ಬಿತ್ತು. ಒದ್ದೆ ಕಡಲೆ. ಅದರ ಹಿಂದೆ ಚಹಾ ಹುಡಿ.

"ಕಡಲೆ ಬಾಯಲ್ಲಿ ಇಟ್ಕೊಳ್ಲಿಕ್ಕೆ ನಾನು ಹೇಳಿದ್ನಾ?" ಭಾವ ಕೇಳಿದರು.

ಆಗ ಅರ್ಥವಾಯಿತು. ಎರಡನೇ ಈಡು ಬೇಗ ತುಂಬಬೇಕೆಂದು ಗುಂಡನ್ನು ಕೆನ್ನೆಯೊಳಗೆ ಇಟ್ಟುಕೊಳ್ಳುವುದು ನಮ್ಮ ಕಡೆಯ ಪದ್ಧತಿ. ಚೀಲ ತಡಕುವ ಹೊತ್ತು ಉಳಿಯುತ್ತದೆ. ಆದರೆ ಅದನ್ನು ಇಟ್ಟುಕೊಳ್ಳುವವನು ಹೊಡೆಯುವವನಲ್ಲ, ಪಕ್ಕದಲ್ಲಿ ನಿಂತು ತುಂಬಿಸುವವನು. ನಾನು ಗೊತ್ತಿಲ್ಲದೆ ಕಡಲೆಯನ್ನು ಕೆನ್ನೆಗೆ ಹಾಕಿಕೊಂಡಿದ್ದೆ. ಬೇಗ ಎಂದು ಕೇಳಿದ ಕೂಡಲೆ ನಳಿಗೆಗೆ ಬಾಯಿ ಕೊಟ್ಟು ಉಗಿದಿದ್ದೆ. ಸೀಸದ ಆ ತಣ್ಣನೆಯ ಸಿಹಿ ನನ್ನ ನಾಲಗೆಗೆ ನಿಜವಾಗಿ ಬಂತು. ಬಂತೋ, ಬಂದ ಹಾಗೆ ಅನಿಸಿತೋ, ಇವತ್ತಿಗೂ ಹೇಳಲಾರೆ.

"ನೀವು ಅವತ್ತೇ ಯಾಕೆ ಹೇಳ್ಲಿಲ್ಲ ಭಾವ?"

"ನೀನು ಅಂಗಳದಲ್ಲಿ ಶುರು ಮಾಡಿಬಿಟ್ಟಿದ್ದಿ. ನಿನ್ನ ಅಕ್ಕ ಅಷ್ಟು ನಕ್ಕದ್ದು ನಾನು ಮದುವೆ ಆದ ಮೇಲೆ ನೋಡಿರ್ಲಿಲ್ಲ." ಮತ್ತೆ ಬಟಾಣಿ ಸುಲಿಯತೊಡಗಿದರು. "ಹೆಸರು ಬಿಡು. ಮೂರು ದಿನ ನಾನೊಬ್ಬನೇ ಆ ಗುಡ್ಡದಲ್ಲಿ ಹುಡುಕಿದೆ. ರಕ್ತ ಹೊಳೆಯ ತನಕ ಇತ್ತು, ಆಚೆ ಇರ್ಲಿಲ್ಲ. ಮೊದಲನೇದು ಹೊಡೆದವ ಎರಡನೇದು ಕೊಡ್ಬೇಕು. ಆ ಪ್ರಾಣಿಗೆ ಕೊಡ್ಲಿಕ್ಕೆ ಆಗ್ಲಿಲ್ಲ. ಕೋವಿ ಬಿಟ್ಟದ್ದು ಅದಕ್ಕೆ, ನಿನ್ನ ಟಿಕ್‌ಗಲ್ಲ."

ಮರುದಿನ ಶುಕ್ರವಾರ. ಭಾವ ಮಗನ ಜೊತೆ ಮಿರ್ದಿಫ್‌ಗೆ ಊಟಕ್ಕೆ ಬಂದರು. ವಿಕ್ಟರ್ ಎಂದಿನಂತೆ ಕೈ ತೊಳೆದು ಬಂದು, ಕಥೆಯ ನಾಯಕನೇ ಎದುರು ಕೂತಿರುವುದು ಗೊತ್ತಾಗಿ ಸಂಭ್ರಮಪಟ್ಟ. ನಾನು ಪೊರಕೆ ತೆಗೆದುಕೊಳ್ಳಲಿಲ್ಲ. ನೆಟ್ಟಗೆ ನಿಂತು, ಶಾಲೆಯಲ್ಲಿ ತಪ್ಪೊಪ್ಪಿಕೊಳ್ಳುವವನ ಹಾಗೆ ಹೇಳಿದೆ: ಗುಂಡು ಮೊದಲು ಹಾಕಿದವ ನಾನು, ಭಾವ ಅಲ್ಲ. ಅವರನ್ನು ಇನ್ನು ಯಾರೂ ಹಾಗೆ ಕರೆಯಬಾರದು.

ವಿಕ್ಟರ್ ತೊಡೆ ತಟ್ಟಿದ. "ಅಯ್ಯೋ ಅಂಕಲ್! ಇವತ್ತು ಹೊಸ ಬಾಲ ಸೇರ್ಸಿದ್ರು! ಗಾಜಿಲ್ಲದ ಕಿಟಕಿ ಒರೆಸಿದ ಜನ ಇವರು, ನಂಬ್ಬೇಡಿ!" ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ಎಷ್ಟು ಗಂಭೀರನಾದೆನೋ ಅವರು ಅಷ್ಟು ನಕ್ಕರು. ಬೆವರು ಒರೆಸಿಕೊಂಡರೆ ಅದೂ ನಟನೆ ಎಂದರು.

"ನೀವೇ ಹೇಳಿ ಭಾವ" ಎಂದು ನಾನು ಅಂಗಲಾಚಿದೆ.

ಭಾವ ಮಜ್ಜಿಗೆಯ ಲೋಟ ಕೆಳಗಿಟ್ಟರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಇಲ್ಲಪ್ಪ, ತುಂಬಿಸಿದ್ದು ನಾನೇ. ಇವನಿಗೆ ಪ್ರಾಯ ಆಯ್ತು, ಈಗ ಎಲ್ಲ ತನ್ನದೇ ಅಂತ ಹೇಳ್ತಾನೆ."

ಶನಿವಾರ ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಪಕ್ಕದಲ್ಲಿ ಕೂತು ಕೇಳಿದೆ, ಯಾಕೆ ಹಾಗೆ ಮಾಡಿದಿರಿ, ಮರುಕಕ್ಕೋ, ಸೇಡಿಗೋ? ಅವರು ಪಾಸ್‌ಪೋರ್ಟ್ ಕಿಸೆಯಲ್ಲಿದೆಯೋ ಎಂದು ಮುಟ್ಟಿ ನೋಡಿಕೊಳ್ಳುತ್ತ, "ನಿನ್ನೆ ಊಟಕ್ಕೆ ಕೂತಾಗ ನಾನೇ ತುಂಬಿಸಿದ್ದು ಅಂತ್ಲೇ ಅನಿಸಿತು ಮಾರಾಯ. ಗುರುವಾರ ನೀನು ಅಂತ ಅನಿಸಿತ್ತು" ಎಂದರು. ತಮಾಷೆಯೋ ನಿಜವೋ ಎಂದು ನಾನು ಅವರ ಮುಖ ನೋಡಿದೆ. ಜೀವನಪೂರ್ತಿ ಎದುರಿನವರ ಮುಖ ಓದಿ ಆಟವಾಡಿಸಿದ ನನಗೆ ಆ ಮುಖದಲ್ಲಿ ಒಂದಕ್ಷರ ಸಿಗಲಿಲ್ಲ.

ಅದಾಗಿ ನಾಲ್ಕು ವರ್ಷ. ಭಾವ ಊರಿನಲ್ಲಿದ್ದಾರೆ, ಫೋನಿನಲ್ಲಿ ಹವೆ ಮತ್ತು ಮಂಡಿನೋವು ಮಾತ್ರ ಮಾತಾಡುತ್ತಾರೆ. ನಿಜ ಹೇಳಿದರೆ ಯಾರೂ ನಂಬುವುದಿಲ್ಲ, ಹಳೆಯ ಹಾಗೇ ಹೇಳಲು ಮನಸ್ಸು ಒಪ್ಪುವುದಿಲ್ಲ. ಹಾಗಾಗಿ ಆ ಕಥೆಯನ್ನೇ ಬಿಟ್ಟುಬಿಟ್ಟಿದ್ದೆ.

ಮೊನ್ನೆ ತೋಪು ನೋಡಿ ಹಿಂದಿರುಗುವಾಗ ಸಿಗ್ನಲ್ಲಿನಲ್ಲಿ ಕಾರು ನಿಂತಿತು. ಮಗಳು, "ಅಪ್ಪ, ಈಗೀಗ ಮಾವನ ಕಥೆ ಹೇಳೋದೇ ಇಲ್ಲ ನೀವು. ಯಾಕೆ?" ಎಂದಳು.

"ಮಾವನ ಈಡು ಸರಿಯಾಗಿ ತಾಗಿತ್ತು" ಎಂದೆ. "ನಾನು ತುಂಬಿಸಿದ್ದು ಹೊಟ್ಲಿಲ್ಲ. ಪ್ರಾಣಿ ನೋವಲ್ಲೇ ಹೋಯ್ತು. ಅಷ್ಟೇ."

ಅವಳು ಕನ್ನಡಿಯಲ್ಲಿ ನನ್ನನ್ನು ನೋಡಿದಳು. ನಗೆಗಾಗಿ ಕಾಯುತ್ತಿದ್ದಾಳೆಂದು ಗೊತ್ತಾಯಿತು. ನಾನು ಏನೂ ಸೇರಿಸಲಿಲ್ಲ. ಸಿಗ್ನಲ್ಲು ಹಸಿರಾಯಿತು, ಹಿಂದಿನವನು ಹಾರನ್ ಹೊಡೆದ, ಅವಳು ಇನ್ನೂ ನೋಡುತ್ತಲೇ ಇದ್ದಳು.

"ಮಾವನಿಗೆ ಫೋನ್ ಮಾಡ್ಲಾ?" ಮೆಲ್ಲನೆ ಕೇಳಿದಳು.

ನಂಬಿದ್ದಳು. ಐವತ್ತು ವರ್ಷದಲ್ಲಿ ಮೊದಲ ಸಲ ಒಬ್ಬರು ನಗದೆ ನನ್ನನ್ನು ನಂಬಿದ್ದು. "ಮಾಡು" ಎಂದೆ, "ಆದ್ರೆ ಸ್ಪೀಕರಲ್ಲಿ ಹಾಕು. ಅವರು ಎಂತ ಹೇಳ್ತಾರೆ ಅಂತ ನನಗೂ ಗೊತ್ತಿಲ್ಲ."