ಬೀಡಿಯಂತೆ ಸೇದಿದ ಸಿಗಾರು

ಮೊನ್ನೆ ಸಂಜೆ ದಾಂಡೇಲಿ ಹತ್ತಿರದ ಮೌಳಂಗಿಯ ಹೊಳೆದಂಡೆಯಲ್ಲಿ ಕುಳಿತಿದ್ದೆ. ನೀಲವ್ವ ತೀರಿಹೋದ ಮೇಲೆ ಸಂಜೆಯ ಹೊತ್ತು ಮನೆಯಲ್ಲಿ ಕೂಡುವುದು ನನ್ನಿಂದ ಆಗುತ್ತಿಲ್ಲ. ಸ್ವಲ್ಪ ದೂರದ ಬಂಡೆಯ ಮೇಲೆ ಪ್ರವಾಸಕ್ಕೆ ಬಂದ ತರುಣನೊಬ್ಬ ಸಿಗಾರು ಹೊತ್ತಿಸಿದ. ಅವನ ಗೆಳೆಯರು ಫೋಟೋ ತೆಗೆಯುತ್ತಿದ್ದರು, ಅವನು ಬುಸುಬುಸು ಹೊಗೆ ಬಿಡುತ್ತಿದ್ದ. ಗಾಳಿ ನನ್ನ ಕಡೆ ತಿರುಗಿದಾಗ ಮೊದಲು ಬಂದದ್ದು ಒಳ್ಳೆಯ ವಾಸನೆ, ಒಣಗಿದ ಸಾಗವಾನಿಯದು, ಹಳೆಯ ಬೆಲ್ಲದ್ದು. ಹಿಂದೆಯೇ ಕೂದಲು ಸುಟ್ಟಂಥ ನಾತ ಬಂತು. ತಂಬಾಕು ಚಲೋ ಇದೆ, ಸೇದುವವನಿಗೆ ಅವಸರ ಎಂದು ನನ್ನ ಮೂಗು ತಾನಾಗಿ ತೀರ್ಪು ಕೊಟ್ಟುಬಿಟ್ಟಿತು.

ಆ ತೀರ್ಪು ನನ್ನದಲ್ಲ, ನೀಲವ್ವನದು. ನನ್ನ ಹೆಂಡತಿ ಜನ್ಮದಲ್ಲಿ ಒಂದು ದಮ್ಮೂ ಎಳೆದವಳಲ್ಲ. ಆದರೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಕುಳಿತೇ, ಹೊರಗೆ ಸಿಗಾರು ಯಾವ ಗತಿಯಲ್ಲಿ ಉರಿಯುತ್ತಿದೆ ಎಂದು ಹೇಳಬಲ್ಲವಳಾಗಿದ್ದಳು. ನಾನು ಸೇದುವುದನ್ನು ಬಿಟ್ಟು ಬಹಳ ವರ್ಷಗಳಾದವು, ಡಾಕ್ಟರು ಬಿಡಿಸಿದರು. ನೀವು ಸೇದಬೇಕೆಂದು ನಾನು ಹೇಳುವುದೂ ಇಲ್ಲ. ನಿಧಾನ ಎಂಬುದನ್ನು ನಾನು ಕಲಿತದ್ದು ಸಿಗಾರಿನಿಂದ, ಅದಕ್ಕಾಗಿ ಅದರ ಮಾತು ಎತ್ತಿದೆ.

ಧಾರವಾಡ ಕಡೆಯ ಹಳ್ಳಿಯಿಂದ ನಾನು ದಾಂಡೇಲಿಗೆ ಬಂದಾಗ ಕಾಗದದ ಮಿಲ್ಲು ಹೊಸದು. ಅಂಗಳದ ತುಂಬ ಗುಡ್ಡದಂತೆ ಒಟ್ಟಿದ ಒಣ ಬಿದಿರು. ಒಂದು ಕಿಡಿ ಬಿದ್ದರೆ ಊರಿಗೆ ಊರೇ ಹೋದೀತೆಂಬ ಭಯ. ಹಾಗಾಗಿ ಬೀಡಿ, ಕಡ್ಡಿಪೆಟ್ಟಿಗೆ ಎಲ್ಲವನ್ನೂ ಗೇಟಿನಲ್ಲೇ ಇಟ್ಟು ಒಳಗೆ ಹೋಗಬೇಕು. ಬಿಡುವಿನಲ್ಲಿ ನಾವು ಗೇಟು ದಾಟಿ ಚಹಾದಂಗಡಿಯ ಹಿಂದೆ ನಿಂತು, ಮರಳಿ ಕೆಲಸಕ್ಕೆ ಕರೆಯುವ ಭೋಂಗಾ ಕೂಗುವುದರೊಳಗೆ ಇಡೀ ಬೀಡಿಯನ್ನು ಎಳೆದು ಮುಗಿಸುತ್ತಿದ್ದೆವು. ನನ್ನ ಜೊತೆಯ ಫಿಟ್ಟರ್ ಹುಸೇನಸಾಬ ನಗುತ್ತಿದ್ದ: "ಲೇ, ಬೀಡಿ ಸೇದಾಕತ್ತೀಯೋ, ಬೀಡಿ ಕೂಡ ಜಗಳಾ ಮಾಡಾಕತ್ತೀಯೋ?"

ಬೀಡಿಯ ಸ್ವಭಾವವೂ ಹಾಗೇ. ಎರಡು ಗಳಿಗೆ ಬಿಟ್ಟರೆ ಆರಿಹೋಗುತ್ತದೆ. ಬಿಡದೆ ಎಳೆಯುತ್ತಲೇ ಇರಬೇಕು. ಅದರ ಮೇಲೆ ನಮ್ಮ ಕಡೆ ಹಿರಿಯರ ಕಣ್ಣಿಗೆ ಬೀಳುವಂತೆ ಸೇದುವ ಹಾಗಿಲ್ಲ. ಅಪ್ಪನಿಗೆ ಅಡಗಿ ಸೇದಲು ಕಲಿತವನು, ಮಿಲ್ಲಿನ ಭೋಂಗಾಕ್ಕೆ ಅಂಜಿ ಸೇದಿ ಪಳಗಿದೆ. ರುಚಿ ಎಂಬುದೊಂದು ಅದರಲ್ಲಿದೆ ಎಂದು ಯಾರಾದರೂ ಹೇಳಿದ್ದರೆ ಅವನಿಗೆ ತಲೆ ಕೆಟ್ಟಿದೆ ಅನ್ನುತ್ತಿದ್ದೆ.

ಮಾವನವರು ಹಳಿಯಾಳದವರು. ಕಟ್ಟಿಗೆ ಡಿಪೋದಲ್ಲಿ ಗಾರ್ಡಾಗಿದ್ದು ನಿವೃತ್ತರಾಗಿದ್ದರು. ಕ್ಯಾಂಪಿಗೆ ಬರುತ್ತಿದ್ದ ಯಾವುದೋ ದೊಡ್ಡ ಅಧಿಕಾರಿಯಿಂದ ಅವರಿಗೆ ಸಿಗಾರಿನ ರೂಢಿ ಹತ್ತಿತ್ತು. ವಾರಕ್ಕೆ ಒಂದೇ, ರವಿವಾರ ಸಂಜೆ, ಮನೆಮುಂದಿನ ಕಟ್ಟೆಯ ಮೇಲೆ. ಗೋವಾ ಆಗ ಇನ್ನೂ ಪೋರ್ತುಗೀಜರ ಕೈಯಲ್ಲಿತ್ತು. ಅಲ್ಲಿಯ ಸಿಗಾರು ಗಡಿ ಹತ್ತಿರದ ರಾಮನಗರದ ಲಾರಿಯವನೊಬ್ಬನ ಮೂಲಕ ಇವರಿಗೆ ಬರುತ್ತಿತ್ತು. ಗಡಿ ದಾಟಿ ಹೇಗೆ ಬರುತ್ತದೆ ಎಂದು ಸರಕಾರಿ ಗಾರ್ಡಾಗಿದ್ದವರನ್ನು ಅಳಿಯನಾದವನು ಕೇಳುವುದು ಮರ್ಯಾದೆಯಲ್ಲ. ನಾನು ಕೇಳಲಿಲ್ಲ.

ಮೊದಲ ಹೆರಿಗೆಗೆ ನೀಲವ್ವ ತವರಿಗೆ ಹೋದಳು. ಸುದ್ದಿ ನನಗೆ ಮುಟ್ಟಿ, ನಾನು ಹಳಿಯಾಳ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಗಂಡು ಕೂಸು. ಉಸಿರೇ ಎಳೆಯಲಿಲ್ಲವಂತೆ. ಮಣ್ಣು ಮಾಡಿ ಬಂದ ಮಾವನವರು ಬಚ್ಚಲಲ್ಲಿ ಕೈ ತೊಳೆಯುತ್ತಿದ್ದರು.

ಬಾಣಂತನ ಮುಗಿದರೂ ಆಕೆ ದಾಂಡೇಲಿಗೆ ಬರಲಿಲ್ಲ. ನಾನು ರವಿವಾರಕ್ಕೊಮ್ಮೆ ಹೋಗುವುದು, ಅತ್ತೆ ಕೊಟ್ಟ ಚಹಾ ಕುಡಿಯುವುದು, ಆಕೆಯಿದ್ದ ಕೋಣೆಯ ಬಾಗಿಲ ಸಂದಿಯ ಕಡೆ ಮುಖ ಮಾಡಿ ಅದೇ ಮಾತು ಹೇಳುವುದು: "ಆಗಿದ್ದು ಆಗಿ ಹೋತು. ಮರತ್ಬಿಡು. ದೇವ್ರು ಇನ್ನೊಂದ್ ಕೊಡ್ತಾನ. ನಡಿ, ಹೋಗೂಣು." ನಾನು ಕಡೆಯ ಬಸ್ಸು ಹಿಡಿದು ಮರಳುತ್ತಿದ್ದೆ. ಮಾವನವರು ಸ್ಪಷ್ಟವಾಗಿ ಹೇಳಿದ್ದರು: "ಮಗಳನ್ನ ದಬ್ಬಿ ಕಳಸಾಂವ ನಾ ಅಲ್ಲ, ಅಳ್ಯಾರ. ಆಕಿ ಬರ್ತೇನಿ ಅಂದ್ರ ಆ ನಿಮಿಷಕ್ಕ ಗಂಟು ಕಟ್ಟಿ ಕೊಡ್ತೇನಿ." ಅತ್ತ ಊರಿನಲ್ಲಿ ನಮ್ಮವ್ವ ಬೇರೆ ಹೆಣ್ಣಿನ ಮಾತು ಆಡತೊಡಗಿದ್ದಳು. ನನಗೆ ಬೇರೆ ಯಾರೂ ಬೇಡವಾಗಿತ್ತು. ಆದರೆ ಬೇಕಾದವಳು ನನ್ನ ಕೂಡ ಒಂದು ಮಾತನ್ನೂ ಆಡುತ್ತಿರಲಿಲ್ಲ.

ಒಂದು ರವಿವಾರ ನನ್ನ ಮಾತೆಲ್ಲ ಮುಗಿದು ಕಟ್ಟೆಯ ಮೇಲೆ ಬಂದು ಕುಳಿತಾಗ ಮಾವನವರು ಪೆಟ್ಟಿಗೆಯಿಂದ ಎರಡು ಸಿಗಾರು ತೆಗೆದು, ಒಂದನ್ನು ನನ್ನ ಮುಂದೆ ಹಿಡಿದರು.

"ನಿಮ್ಮ ಮುಂದ ಹೆಂಗ್ರಿ ಮಾವಾರ?" ಎಂದೆ.

"ಹಿತ್ತಲದಾಗ ಹುಲ್ಲಿನ ಬಣವಿ ಹಿಂದ ನಿಂತು ನೀವು ಬೀಡಿ ಎಳಿಯೂದು ನಮ್ಮ ಎಮ್ಮಿಗೂ ಗೊತ್ತೈತಿ. ಇಲ್ಲೇ ಕೂಡ್ರಿ. ಬಣವಿನರ ಉಳೀಲಿ."

ಹೊತ್ತಿಸಿದೆ. ನನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ ಸೇದಿದೆ. ಒಂದರ ಹಿಂದೆ ಒಂದು ದಮ್ಮು, ಎದೆಯ ತಳದವರೆಗೆ. ಸಿಗಾರು ಕೈ ಸುಡುವಷ್ಟು ಬಿಸಿಯಾಯಿತು, ನಾಲಿಗೆಯ ಮೇಲೆ ಕಾಯಿಸಿದ ಬೇವಿನ ರಸ ಹೊಯ್ದಂತಾಯಿತು, ಕಣ್ಣಲ್ಲಿ ನೀರು ಬಂತು. ಮಾವನವರೆದುರು ಕೆಮ್ಮಬಾರದೆಂದು ಉಸಿರು ಬಿಗಿಹಿಡಿದೆ. ಆಗ ಒಳಗಿನಿಂದ ನೀಲವ್ವನ ದನಿ ಬಂತು:

"ಅಪ್ಪಾ, ಅದು ಸುಡಾಕತ್ತೈತಿ. ಬೀಡಿ ಅಲ್ಲಂತ ಹೇಳು ಅವರಿಗೆ."

ಅಷ್ಟು ವಾರಗಳಲ್ಲಿ ನಾನು ಕೇಳಿದ ಆಕೆಯ ಮೊದಲ ಮಾತು ಅದು. ನನಗೆ ಹೇಳಿದ್ದಲ್ಲ, ಬೈದದ್ದೇ. ಆದರೂ ನನ್ನ ವಿಷಯಕ್ಕೆ ಆಡಿದ ಮಾತು. ಅವತ್ತು ಬಸ್ಸಿನಲ್ಲಿ ದಾರಿಯುದ್ದಕ್ಕೂ ವಾಂತಿ ಬರುವಂತಿದ್ದರೂ ಮುಖದ ಮೇಲೆ ನಗೆಯಿತ್ತು. ಪಕ್ಕದಲ್ಲಿದ್ದವರು ನಾನು ಕುಡಿದಿದ್ದೇನೆಂದು ತಿಳಿದು ಸರಿದು ಕುಳಿತರು.

ಮುಂದಿನ ರವಿವಾರಗಳಲ್ಲಿ ಮಾವನವರು ಕಲಿಸಿದರು. ಅವರಿಗೇನೂ ನನ್ನ ಸಂಸಾರ ತಿದ್ದುವ ಉದ್ದೇಶವಿರಲಿಲ್ಲ. ದೂರದಿಂದ ಬಂದ ಮಾಲು ಹಾಳಾಗುತ್ತದಲ್ಲ ಎಂಬ ಹೊಟ್ಟೆಯುರಿ ಅಷ್ಟೆ. "ಒಮ್ಮೆ ಎಳೀರಿ. ಎದಿಗೆ ಇಳಿಸಬ್ಯಾಡ್ರಿ, ಬಾಯಾಗ ತಿರುಗ್ಯಾಡ್ಲಿ. ಬಿಡ್ರಿ. ಈಗ ಕೈ ಕೆಳಗ ಇಡ್ರಿ. ಬಾಯಾಗಿನ ರುಚಿ ಹೋಗೂತನಕ ಮತ್ತ ಎತ್ತಬ್ಯಾಡ್ರಿ."

"ಅಷ್ಟೊತ್ತಿಗೆ ಆರಿ ಹೋದ್ರ?"

"ಆರಿದ್ರ ಮತ್ತ ಹಚ್ಚೂಣು. ಅದೇನ್ ದೇವರ ಮುಂದಿನ ನಂದಾದೀಪ ಏನು?"

ಅತ್ತೆ ಒಳಗಿನಿಂದಲೇ ಅಂದರು: "ಮಾವಾ ಅಳಿಯಾ ಕೂಡಿ ಮನಿಗೆ ಬೆಂಕಿ ಹಚ್ಚೂದೊಂದು ಬಾಕಿ ಐತಿ."

ನಿಧಾನಿಸಿದರೆ ಸಿಗಾರು ಬೇರೆಯದೇ ವಸ್ತುವಾಗುತ್ತದೆ, ಇದನ್ನು ನಾನು ಧೈರ್ಯವಾಗಿ ಹೇಳಬಲ್ಲೆ. ಮೊದಲು ಒಣಕಟ್ಟಿಗೆಯ ರುಚಿ. ನಡುವಿಗೆ ಬಂದಾಗ ಹುರಿದ ಕಾಫಿಬೀಜದ್ದು, ಎಲ್ಲೋ ಹಿಂದೆ ಒಂದಿಷ್ಟು ಸಿಹಿ. ಬೂದಿ ಉದುರದೆ ಬೆರಳುದ್ದ ನಿಲ್ಲುತ್ತದೆ. ಬಿರುಸಾಗಿ ಎಳೆದಿರೋ, ಒಳಗಿನ ಎಣ್ಣೆಯೆಲ್ಲ ಸುಟ್ಟು ಕಹಿ ಉಳಿಯುತ್ತದೆ. ತೀರ ಮರೆತು ಕುಳಿತಿರೋ, ಆರಿ ಹಳಸಲು ವಾಸನೆ ಹೊಡೆಯುತ್ತದೆ. ತಮಾಷೆಯೆಂದರೆ, ಮಿಲ್ಲಿನಲ್ಲಿ ನನ್ನ ಕೆಲಸ ಬಿದಿರಿನ ಚೂರುಗಳನ್ನು ದೊಡ್ಡ ಹಂಡೆಗಳಲ್ಲಿ ಬೇಯಿಸುವ ಕಡೆಯೇ ಇತ್ತು. ಉಗಿಯನ್ನು ಒಮ್ಮೆಲೇ ಏರಿಸಿದರೆ ಮೇಲೆ ಬೆಂದು ಒಳಗೆ ಗಂಟು ಉಳಿಯುತ್ತದೆಂದು ಹೊಸಬರಿಗೆ ಹೇಳಿಕೊಡುತ್ತಿದ್ದವನೇ ನಾನು. ಆ ಬುದ್ಧಿಯನ್ನೂ ದಿನಾ ಗೇಟಿನಲ್ಲೇ ಬಿಟ್ಟು ಬರುತ್ತಿದ್ದೆನೆಂದು ಕಾಣುತ್ತದೆ.

ಒಂದು ತೊಂದರೆ ಎದುರಾಯಿತು. ಒಂದು ದಮ್ಮಿಗೂ ಇನ್ನೊಂದಕ್ಕೂ ನಡುವೆ ಏನು ಮಾಡುವುದು? ಮೊದಲಾದರೆ ನನ್ನ "ಮರತ್ಬಿಡು, ನಡಿ ಹೋಗೂಣು" ಇತ್ತು. ಬಾಯಲ್ಲಿ ಹೊಗೆ ಇಟ್ಟುಕೊಂಡು ಅದನ್ನು ಹೇಳಲಾಗುವುದಿಲ್ಲ, ಹೊಗೆ ಬಿಟ್ಟ ಮೇಲೆ ಹೇಳಲು ಮನಸ್ಸಾಗುವುದಿಲ್ಲ. ಸುಮ್ಮನಿರುವುದನ್ನು ಕಲಿತೆ. ಹಾಗೆ ಸುಮ್ಮನಿದ್ದ ಒಂದು ಸಂಜೆ ನೀಲವ್ವ ಮೊರದಲ್ಲಿ ಅಕ್ಕಿ ಹಿಡಿದು ಬಂದು ಹೊಸ್ತಿಲ ಒಳಗೆ ಕುಳಿತು ಹರಳು ಆರಿಸತೊಡಗಿದಳು. ಮಾವನವರು ಎಮ್ಮೆಗೆ ನೀರು ತೋರಿಸಲು ಎದ್ದುಹೋದರು. ನಾನು ಮೊದಲೇ ಯೋಚಿಸಿದ್ದಲ್ಲ, ಬಾಯಿಗೆ ಬಂದದ್ದನ್ನು ಕೇಳಿದೆ:

"ಅಂವ ಯಾರ್ಹಂಗ ಇದ್ದ?"

ಅಕ್ಕಿಯಲ್ಲಿ ಆಡುತ್ತಿದ್ದ ಬೆರಳು ನಿಂತಿತು. ಕೇಳಬಾರದಿತ್ತೇನೋ ಎನ್ನಿಸಿತು. ಮಾತು ತೇಲಿಸಿಬಿಡಲು ನಾಲಿಗೆ ತುದಿಗೆ ಏನೋ ಬಂತು. ನುಂಗಿಕೊಂಡೆ. ಕೈ ಕೆಳಗೇ ಇಟ್ಟುಕೊಂಡು ಕುಳಿತೆ.

"ಕಿವಿ ನಿಮ್ಮವು," ಎಂದಳು. "ಇಷ್ಟಿಷ್ಟ ಅಗಲ. ತಲಿ ತುಂಬ ಕೂದಲಾ. ಉಗುರು ಸುದ್ದಾ ಬೆಳದಿದ್ದುವು." ಒಂದು ಹರಳು ಆರಿಸಿ ಹೊರಗೆ ಎಸೆದಳು. "ಎಲ್ಲಾರೂ ಮರಿ ಮರಿ ಅಂತೀರಿ. ಎದಿಗೆ ಹಚ್ಚಿಕೊಂಡಾಕಿ ನಾ ಒಬ್ಬಾಕಿ. ನಾನೂ ಮರತೆ ಅಂದ್ರ, ಅಂವ ಬಂದಿದ್ದ ಅಂತ ಹೇಳವರು ಯಾರು?"

ಆಮೇಲೆ ಹೇಳುತ್ತಲೇ ಹೋದಳು. ಮೈಯ ಬಣ್ಣ, ಸೂಲಗಿತ್ತಿ ಅವನನ್ನು ಒರೆಸಿ ಕೈಗೆ ಕೊಟ್ಟದ್ದು, ಮನಸ್ಸಿನಲ್ಲೇ ಇಟ್ಟ ಹೆಸರು. ಆ ಹೆಸರನ್ನು ನಾವಿಬ್ಬರೂ ಮುಂದೆ ಯಾರ ಮುಂದೆಯೂ ಆಡಲಿಲ್ಲ, ಇಲ್ಲಿಯೂ ಬರೆಯುವುದಿಲ್ಲ. ಎಮ್ಮೆಗೆ ನೀರು ಕುಡಿಸಲು ಅಷ್ಟು ಹೊತ್ತು ಬೇಕಾಗುವುದಿಲ್ಲ; ಮಾವನವರು ಮಾತ್ರ ಬರಲಿಲ್ಲ. ಓಣಿಯಾಚೆ ದಾಂಡೇಲಿಯ ಕೊನೆಯ ಬಸ್ಸು ಹಾರ್ನ್ ಹೊಡೆದು ಹೋಯಿತು.

"ನಿಮ್ಮ ಬಸ್ಸು ಹೋತು," ಎಂದಳು.

"ಹೋಗ್ಲಿ."

"ನಾಳೆ ಪಾಳಿ ಐತೆಲ್ಲ?"

"ಹೋಗ್ಲಿ."

ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕೈ ನೋಡಿದಳು. ಸಿಗಾರು ಯಾವಾಗಲೋ ಆರಿತ್ತು. "ಹಂಗ ಬಿಟ್ರ ಹಳಸ್ತೈತಿ. ಬೂದಿ ತಗದು ಹಚ್ಚರಿ," ಎಂದು ಕಡ್ಡಿಪೆಟ್ಟಿಗೆ ಹುಡುಕಲು ಎದ್ದಳು.

ಮುಂದಿನ ರವಿವಾರ ನಾನು ಏನೂ ಕೇಳಲಿಲ್ಲ. ಹೋಗುವಷ್ಟರಲ್ಲಿ ಆಕೆ ಗಂಟು ಕಟ್ಟಿಕೊಂಡು ಕುಳಿತಿದ್ದಳು. ದಾಂಡೇಲಿಯ ಮಿಲ್ಲಿನ ವಾಸನೆಗೆ ಮೂಗು ಮುಚ್ಚಿಕೊಂಡು ಬಸ್ಸಿಳಿದವಳು ಸಾಯುವವರೆಗೂ ಆ ಊರನ್ನು ಬೈಯುತ್ತಲೇ ಅಲ್ಲೇ ಇದ್ದಳು. ಎಂದಾದರೊಮ್ಮೆ ನಾನು ಸಿಗಾರು ಹಚ್ಚಿದಾಗ ಒಳಗಿನಿಂದ "ಓಡಾಕತ್ತೀರಿ" ಎಂದು ಎಚ್ಚರಿಸುತ್ತಿದ್ದಳು. ಕ್ರಮೇಣ ನಾನು ಊಟ ಗಬಗಬ ಮಾಡಿದರೂ, ಮುಂದೆ ಹುಟ್ಟಿದ ಮಗಳನ್ನು ವಿಚಾರಿಸದೆ ಬೈದರೂ ಅದೇ ಮಾತು.

ಈಗ ಮನೆಗೆ ಬಂದವರೆಲ್ಲ ನನಗೆ ಹೇಳುತ್ತಾರೆ: ಮುತ್ತೈದೆಯಾಗಿ ಹೋದಳು, ಪುಣ್ಯವಂತೆ, ಇನ್ನು ಮರೆಯಬೇಕು. ಒಳ್ಳೆಯ ಜನ, ಅವರಿಗೆ ಬಸ್ಸಿನ ಅವಸರ. ನಾನು ತಲೆದೂಗುತ್ತೇನೆ. ಮರೆಯುವುದಿಲ್ಲ.

ನಿನ್ನೆ ಮಗಳು ಸುಮಾ ಬೆಳಗಾವಿಯಿಂದ ಬಂದಳು. ಬಂದವಳೇ ಟ್ರಂಕು ತೆರೆದು, "ಅವ್ವನ ಸೀರಿ ಎಲ್ಲಾ ಯಾರಿಗರ ಕೊಟ್ಟು ಮುಗಿಸಿಬಿಡೂಣು ಅಪ್ಪಾ. ನೋಡಿದಷ್ಟೂ ಸಂಕಟ," ಎಂದು ಕೈಗೆ ಸಿಕ್ಕಿದ್ದನ್ನು ಚೀಲಕ್ಕೆ ತುಂಬತೊಡಗಿದಳು.

"ಕೊಡೂಣು," ಎಂದೆ. "ಮೊದಲ ಕೂಡು. ಆ ಹಸಿರು ಇಳಕಲ್ ಸೀರಿ ಯಾವಾಗಿಂದು, ನಿನಗ ಗೊತ್ತೈತೇನು?"

ಆಕೆ ಸೀರೆಯನ್ನು ತೊಡೆಯ ಮೇಲೆ ಹರಡಿಕೊಂಡಳು. ನೋಡುತ್ತ ನೋಡುತ್ತ ತುಟಿಯಲ್ಲಿ ನಗೆ ಮೂಡಿತು. "ನಿಮಗ ಹೇಳಬಾರದಂತ ಅವ್ವ ಆಣಿ ಹಾಕಿಸಿಕೊಂಡಿದ್ಲು. ನಾ ಸಣ್ಣಾಕಿ ಇದ್ದಾಗ ಇದನ್ನ ಉಟ್ಕೊಂಡು ನನ್ನ ಅಂಬಿಕಾನಗರಕ್ಕ ಕರಕೊಂಡು ಹೋಗಿದ್ಲು. ಅಲ್ಲಿ ಕರೆಂಟ್ ಕಂಪನಿ ಕ್ಯಾಂಟೀನಿನ್ಯಾಗ ಸಾಹೇಬ್ರು ಕೂಡೂ ಫ್ಯಾನಿನ ಕೋಣಿಗೆ ಸೀದಾ ಹೋಗಿ ಕುಂತ್ಲು. ಮಾಣಿ ಬಂದು ನೀವ್ಯಾರಂತ ಕೇಳೂಕಿಂತ ಮೊದಲ, 'ನಿಮ್ಮ ಚಟ್ನಿಗೆ ಉಪ್ಪು ಕಡಿಮಿ ಐತಿ, ಒಳಗ ಹೇಳು' ಅಂದ್ಲು."

"ದ್ವಾಸಿ ಬಂದಿತ್ತೇನು?"

"ಇನ್ನೂ ಬಂದಿದ್ದಿಲ್ಲಪ್ಪಾ. ಅಂವ ಸಾಹೇಬ್ರ ಹೆಂಡ್ತಿನ ಇರಬೇಕಂತ ಅಂಜಿ ಬಾಯಿಸಾಹೇಬ್ರ ಅನ್ನಾಕ ಹತ್ತಿದ."

ಇಷ್ಟು ವರ್ಷ ಕೂಡಿ ಬಾಳಿದ ಮೇಲೂ ನನಗೆ ಗೊತ್ತಿಲ್ಲದ ಒಬ್ಬ ನೀಲವ್ವ, ಫ್ಯಾನಿನ ಕೆಳಗೆ, ಹಸಿರು ಸೀರೆಯಲ್ಲಿ. ಸುಮಾ ನಗುತ್ತಿದ್ದವಳು ಅಳತೊಡಗಿದಳು. ಅಳಲು ಬಿಟ್ಟೆ. ಚೀಲ ಗೋಡೆಗೆ ಒರಗಿಕೊಂಡು ಬಿದ್ದಿತ್ತು, ಟ್ರಂಕಿನಲ್ಲಿ ಇನ್ನೂ ಬಹಳ ಸೀರೆಗಳಿದ್ದವು. ಆಕೆ ಕಣ್ಣೊರೆಸಿಕೊಂಡ ಮೇಲೆ ಕೇಳಿದೆ:

"ಮತ್ತ? ಆಮ್ಯಾಲೇನಾತು?"